ಜರ್ಮನಿಯಲ್ಲಿ ಪರಿಚಯದವರ ಜೀವ ಉಳಿಸಲು ಓಡಿದಾಗ: ನೆರವಾದವರಿಗೂ ಇಲ್ಲಿ ನೆರವಿದೆ

ಜರ್ಮನಿಗೆ ಬಂದು ಕಾರಿನ ಲೈಸೆನ್ಸ್ ಮಾಡಿಸಿಕೊಂಡವರೆಲ್ಲ ಒಂದು ದಿನ ‘ಎರ್ಸ್ಟೆ ಹಿಲ್ಫೆ’ ಅಂದರೆ ಪ್ರಥಮ ಚಿಕಿತ್ಸೆಯ ಕೋರ್ಸಿನಲ್ಲಿ ಕೂತಿರುತ್ತೀರಿ. ನಮ್ಮ ಭಾರತದ ಲೈಸೆನ್ಸ್ ಇಲ್ಲಿ ನೆಲೆಸಿದ ಮೇಲೆ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಥಿಯರಿ, ಪ್ರಾಕ್ಟಿಕಲ್, ಕಣ್ಣಿನ ಪರೀಕ್ಷೆ ಜೊತೆಗೆ ಪ್ರಥಮ ಚಿಕಿತ್ಸೆಯ ಕೋರ್ಸೂ ಕಡ್ಡಾಯ. 45 ನಿಮಿಷದ ಒಂಬತ್ತು ಪಾಠ, ಒಂದು ಗೊಂಬೆ, ಒಂದು ಸರ್ಟಿಫಿಕೇಟ್. ಲೈಸೆನ್ಸ್ ಕೈಗೆ ಬಂದ ಮೇಲೆ ಆ ಸರ್ಟಿಫಿಕೇಟ್ ಯಾವ ಫೈಲಿನಲ್ಲಿದೆ ಅನ್ನುವುದೂ ಮರೆತುಹೋಗಿರುತ್ತದೆ.

ಆ ಕೋರ್ಸಿನಲ್ಲಿ ಹೇಳಿಕೊಡದ ವಿಷಯ ಒಂದಿದೆ. ಹೆಚ್ಚಿನ ಸಲ ಹೃದಯ ನಿಲ್ಲುವುದು ರಸ್ತೆಯಲ್ಲಲ್ಲ, ಮನೆಯಲ್ಲಿ. ಅಂದರೆ ನಿಮ್ಮ ಕೈ ಕೆಳಗೆ ಇರುವುದು ಗೊತ್ತಿಲ್ಲದ ಯಾರದ್ದೋ ಎದೆಯಲ್ಲ. ರೂಮ್‌ಮೇಟ್ ಇರಬಹುದು, ಪಕ್ಕದ ಮನೆಯವರಿರಬಹುದು, ಮಗನ ಮನೆಗೆ ಮೂರು ತಿಂಗಳು ಇರಲು ಬಂದ ಗೆಳೆಯನ ಅಪ್ಪ ಇರಬಹುದು. ಆ ಹೊತ್ತಿಗೆ ಏನು ಮಾಡಬೇಕು ಅನ್ನುವುದು ಅರ್ಧ ವಿಷಯ. ಅದಾದ ಮೇಲೆ ನಿಮ್ಮ ಗತಿಯೇನು ಅನ್ನುವುದು ಇನ್ನರ್ಧ. ಈ ದೇಶದ ವ್ಯವಸ್ಥೆ ಎರಡನ್ನೂ ಯೋಚಿಸಿ ಇಟ್ಟಿದೆ. ನಮ್ಮವರಲ್ಲಿ ಬಹಳ ಜನಕ್ಕೆ ಎರಡನೆಯದು ಗೊತ್ತೇ ಇಲ್ಲ.

ಮೊದಲ ಹತ್ತು ನಿಮಿಷ

ಭುಜ ಹಿಡಿದು ಜೋರಾಗಿ ಹೆಸರು ಕೂಗಿ. ಎಚ್ಚರ ಇಲ್ಲ ಅಂದರೆ ತಕ್ಷಣ ತುರ್ತು ನಂಬರ್ 112 ಒತ್ತಿ, ಫೋನನ್ನು ಸ್ಪೀಕರ್‌ಗೆ ಹಾಕಿ ನೆಲದ ಮೇಲಿಡಿ. ಮೊದಲು ಗೆಳೆಯನಿಗೆ ಫೋನ್, ಆಮೇಲೆ ಡಾಕ್ಟರ್ ಆಗಿರುವ ಅಕ್ಕನಿಗೆ ವಾಟ್ಸ್ಯಾಪ್ ಕಾಲ್, ಆಮೇಲೆ 112 – ಇದು ನಮ್ಮ ಅಭ್ಯಾಸ. ದಯವಿಟ್ಟು ಬಿಡಿ. ಇನ್ನೊಂದು ಮಾತು: ಸಿಮ್ ಇಲ್ಲದ ಫೋನಿನಿಂದ ಜರ್ಮನಿಯಲ್ಲಿ 112 ಹೋಗುವುದಿಲ್ಲ. ಊರಿಂದ ಬಂದ ಅಪ್ಪ–ಅಮ್ಮನ ಕೈಯಲ್ಲಿ ಬರೀ ವೈಫೈ ಮೇಲೆ ನಡೆಯುವ ಹಳೇ ಫೋನ್ ಇದ್ದರೆ ಮೊದಲು ಅದಕ್ಕೊಂದು ಸಿಮ್ ಹಾಕಿಸಿ.

ಆ ಕಡೆಯವರು ಜರ್ಮನ್‌ನಲ್ಲಿ ಮಾತಾಡುತ್ತಾರೆ. ಎಷ್ಟೋ ಕಡೆ ಇಂಗ್ಲಿಷ್ ನಡೆಯುತ್ತದೆ, ಎಲ್ಲ ಕಡೆಯೂ ಅಲ್ಲ. ‘ಬೆವುಸ್ಟ್‌ಲೋಸ್’ ಅಂದರೆ ಎಚ್ಚರ ತಪ್ಪಿದ್ದಾರೆ. ‘ಆಟ್ಮೆಟ್ ನಿಶ್ಟ್’ ಅಂದರೆ ಉಸಿರಾಡುತ್ತಿಲ್ಲ. ಈ ಎರಡು ಮಾತು ಮತ್ತು ಮನೆಯ ವಿಳಾಸ ಗೊತ್ತಿದ್ದರೆ ಸಾಕು, ಗಾಡಿ ಹೊರಡುತ್ತದೆ. ನೀವಾಗಿ ಫೋನ್ ಇಡಬೇಡಿ. ಎಲ್ಲಿ ಒತ್ತಬೇಕು, ಎಷ್ಟು ಬೇಗ ಒತ್ತಬೇಕು ಅಂತ ಅವರೇ ಜೊತೆಗಿದ್ದು ಹೇಳುತ್ತಾರೆ, ಎಣಿಸುತ್ತಾರೆ.

ಉಸಿರು ನೋಡುವಾಗ ಒಂದು ಎಚ್ಚರ. ಹೃದಯ ನಿಂತ ಮೊದಲ ಕೆಲವು ನಿಮಿಷ ಕೆಲವರು ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಗೊರಕೆಯಂಥ ಸದ್ದು ಮಾಡುತ್ತಾರೆ. ಅದು ಉಸಿರಾಟವಲ್ಲ. ‘ಉಸಿರಾಡ್ತಾ ಇದ್ದಾರೆ’ ಅಂದುಕೊಂಡು ಕಾಯುತ್ತಾ ಕೂರುವುದು ಇಲ್ಲೇ. ಸರಿಯಾದ ಉಸಿರಿಲ್ಲ ಅಂದರೆ ಎದೆಯ ನಡುವೆ ಒಂದು ಅಂಗೈ, ಅದರ ಮೇಲೆ ಇನ್ನೊಂದು, ಮೊಣಕೈ ನೇರ. ಐದರಿಂದ ಆರು ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ. ಮಂಚದ ಮೇಲೆ ಒತ್ತಿದರೆ ಹಾಸಿಗೆ ಮಾತ್ರ ಕುಗ್ಗುತ್ತದೆ, ಹಾಗಾಗಿ ನೆಲಕ್ಕೆ ಇಳಿಸಿ. ಬಾಯಿಗೆ ಬಾಯಿಟ್ಟು ಉಸಿರು ಕೊಡುವುದು ಕಲಿತಿಲ್ಲ ಅಂದರೆ ದೊಡ್ಡವರಿಗೆ ಬರೀ ಒತ್ತಿದರೂ ಆಗುತ್ತದೆ. ಉಸಿರು ಚೆನ್ನಾಗಿದ್ದು ಎಚ್ಚರ ಮಾತ್ರ ಇಲ್ಲದಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ, ಗಂಟಲು ತೆರೆದಿರುವ ಹಾಗೆ ತಲೆಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ, ಉಸಿರಿನ ಮೇಲೆ ಕಣ್ಣಿಡಿ.

ಒತ್ತುವಾಗ ಲಟಕ್ ಅಂತ ಸದ್ದು ಬರಬಹುದು. ಪಕ್ಕೆಲುಬು ಮುರಿಯುವುದು ಸಾಮಾನ್ಯ, ಸರಿಯಾಗಿ ಒತ್ತಿದಾಗಲೂ ಮುರಿಯುತ್ತದೆ. ಅದು ನಮ್ಮವರ ಎದೆಯೇ ಆಗಿದ್ದರೆ ಆ ಸದ್ದಿಗೆ ಕೈ ತಾನಾಗಿ ಹಿಂದೆ ಸರಿಯುತ್ತದೆ. ನಿಲ್ಲಿಸಬೇಡಿ. ಪಕ್ಕೆಲುಬು ಮತ್ತೆ ಕೂಡಿಕೊಳ್ಳುತ್ತದೆ. ಮೆದುಳಿಗೆ ಐದು ನಿಮಿಷ ರಕ್ತ ಹೋಗದಿದ್ದರೆ ಆದ ಹಾನಿ ಹಾಗೆ ಸರಿಹೋಗುವುದಿಲ್ಲ.

ಕಾಲಿಂಗ್ ಬೆಲ್‌ನ ಮೇಲಿನ ಹೆಸರು

ಇದನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಜರ್ಮನಿಯ ಅಪಾರ್ಟ್‌ಮೆಂಟ್‌ಗಳಲ್ಲಿ ಸಾಮಾನ್ಯವಾಗಿ ಮನೆ ನಂಬರ್ ಇರುವುದಿಲ್ಲ. ಕೆಳಗಿನ ಬಾಗಿಲ ಪಕ್ಕ ಬೆಲ್‌ಗಳ ಸಾಲು, ಒಂದೊಂದರ ಮುಂದೆ ಒಂದೊಂದು ಮನೆತನದ ಹೆಸರು. ಆಂಬುಲೆನ್ಸಿನವರು ಹುಡುಕುವುದು ಆ ಹೆಸರನ್ನೇ. ನಮ್ಮಲ್ಲಿ ಒಬ್ಬರಿಗೆ ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೇ ಸರ್‌ನೇಮ್, ಇನ್ನೊಬ್ಬರಿಗೆ ಊರಿನ ಹೆಸರು. ಬಾಡಿಗೆಗೆ ರೂಮು ಹಿಡಿದಿದ್ದರೆ ಬೆಲ್ ಮೇಲೆ ಬೇರೆಯವರ ಹೆಸರಿರಬಹುದು. ಫೋನಿನಲ್ಲಿ ನಿಮ್ಮ ಹೆಸರಲ್ಲ, ಬೆಲ್ ಮೇಲಿರುವ ಹೆಸರು ಹೇಳಿ. ಎಷ್ಟನೇ ಮಹಡಿ, ಹಿಂದಿನ ಕಟ್ಟಡವೋ ಮುಂದಿನದೋ ಅದನ್ನೂ ಹೇಳಿ. ಫೋನು ನಿಮ್ಮ ಜಾಗವನ್ನು ತಾನಾಗಿ ಕಳಿಸಬಹುದು, ಮಹಡಿಯನ್ನು ಕಳಿಸುವುದಿಲ್ಲ. ಇನ್ನೊಬ್ಬರಿದ್ದರೆ ಕೆಳಗೆ ಕಳಿಸಿ ಬಾಗಿಲು ಹಿಡಿದು ನಿಲ್ಲಲು ಹೇಳಿ. ಮೆಟ್ಟಿಲ ಹತ್ತಿರದ ದೀಪ ಕೆಲವು ನಿಮಿಷಕ್ಕೆ ತಾನೇ ಆರಿಹೋಗುತ್ತದೆ, ಮತ್ತೆ ಮತ್ತೆ ಒತ್ತುತ್ತಿರಬೇಕು. ನಿಮ್ಮ ಬೆಲ್ ಮೇಲೆ ಇವತ್ತು ಯಾರ ಹೆಸರಿದೆ, ಹೋಗಿ ನೋಡಿ.

ಆಂಬುಲೆನ್ಸಿಗಿಂತ ಮೊದಲು ಮಾಮೂಲಿ ಬಟ್ಟೆಯಲ್ಲಿರುವ ಒಬ್ಬರು ಓಡಿ ಬಂದರೆ ಗಾಬರಿಯಾಗಬೇಡಿ. ಬಹಳ ಊರುಗಳಲ್ಲಿ ತರಬೇತಿ ಪಡೆದ ಸ್ವಯಂಸೇವಕರನ್ನು ಆ್ಯಪ್ ಮೂಲಕ ಕರೆಸುತ್ತಾರೆ. ಮೊಬೈಲೆ ರೆಟ್ಟರ್, ಕಾಟ್‌ರೆಟ್ಟರ್ ಅಂಥವು. ಅವರಿಗೆ ಜಾಗ ಬಿಟ್ಟುಕೊಡಿ, ಸುಸ್ತಾದಾಗ ಒತ್ತುವುದನ್ನು ಇಬ್ಬರೂ ಬದಲಾಯಿಸಿಕೊಳ್ಳಿ.

ಕೇಸ್ ಆಗುತ್ತಾ? ಬಿಲ್ ಯಾರಿಗೆ?

ಸಹಾಯ ಮಾಡದೇ ಇರುವುದೇ ಇಲ್ಲಿ ಅಪರಾಧ. ದಂಡ ಸಂಹಿತೆಯ 323ಸಿ ಕಲಮಿನ ಪ್ರಕಾರ, ಸಾಧ್ಯವಿದ್ದೂ ನೆರವಾಗದವರಿಗೆ ದಂಡ ಅಥವಾ ಒಂದು ವರ್ಷದವರೆಗೆ ಜೈಲು. ನಿಮ್ಮ ಜೀವಕ್ಕೇ ಅಪಾಯ ಅನ್ನುವಂತಿದ್ದರೆ ಅದು ಅನ್ವಯಿಸುವುದಿಲ್ಲ. 112ಕ್ಕೆ ಫೋನ್ ಮಾಡುವುದೂ ನೆರವೇ. ಇನ್ನು ನೆರವಾಗಲು ಹೋಗಿ ಏನಾದರೂ ಹೆಚ್ಚುಕಡಿಮೆ ಆದರೆ? ಬೇಕೆಂತಲೇ ಮಾಡದಿದ್ದರೆ, ತೀರಾ ಬೇಜವಾಬ್ದಾರಿಯಿಂದ ಮಾಡದಿದ್ದರೆ ನಿಮ್ಮ ಮೇಲೆ ಹೊಣೆ ಬರುವುದಿಲ್ಲ. ಮುರಿದ ಪಕ್ಕೆಲುಬಿಗಾಗಿ ಯಾರೂ ನಿಮ್ಮನ್ನು ಕೋರ್ಟಿಗೆ ಎಳೆಯುವುದಿಲ್ಲ.

ನಿಜವಾಗಿ ಅಪಾಯ ಅಂದುಕೊಂಡು ಕರೆ ಮಾಡಿದವರಿಗೆ ಬಿಲ್ ಬರುವುದಿಲ್ಲ. ಸರ್ಕಾರಿ ಆರೋಗ್ಯ ವಿಮೆ ಇರುವ ರೋಗಿಗೆ ಆಂಬುಲೆನ್ಸಿಗೆ ಸಾಮಾನ್ಯವಾಗಿ ಐದರಿಂದ ಹತ್ತು ಯೂರೋ ಪಾಲು ಬರುತ್ತದೆ, ಅಷ್ಟೇ. ಊರಿಂದ ಬಂದ ಅಪ್ಪ–ಅಮ್ಮನಿಗೆ ಮಾತ್ರ ಅವರ ಪ್ರಯಾಣ ವಿಮೆಯೇ ಗತಿ. ಆ ಪಾಲಿಸಿ ಕಾಗದ, ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ ಎರಡೂ ಒಂದೇ ಕಡೆ ಇರಲಿ.

ಗಾಡಿ ಹೊರಟ ನಂತರದ ಕೋಣೆ

ಆಂಬುಲೆನ್ಸಿನವರು ಬಂದಷ್ಟೇ ಬೇಗ ಹೊರಟುಹೋಗುತ್ತಾರೆ. ನೆಲದ ಮೇಲೆ ಹರಿದ ಪ್ಲಾಸ್ಟಿಕ್ ಕವರ್‌ಗಳು, ನೀಲಿ ಗ್ಲೌಸ್, ಕತ್ತರಿಸಿ ಹಾಕಿದ ಅಂಗಿ. ಟೀಪಾಯಿ ಗೋಡೆಗೆ ಒತ್ತರಿಸಿದ್ದು ಹಾಗೇ ಇರುತ್ತದೆ. ನಿಮ್ಮ ಕೈ ನಡುಗುತ್ತಿರುತ್ತದೆ, ಮಂಡಿ ತರಚಿರುತ್ತದೆ, ನಾಳೆ ತೋಳು ಎತ್ತಲು ಆಗುವುದಿಲ್ಲ. ಆ ಕೋಣೆಯನ್ನು ಒಬ್ಬರೇ ಗುಡಿಸಬೇಡಿ. ಯಾರನ್ನಾದರೂ ಕರೆಸಿ, ಬೇಕಾದರೆ ಅವರೇ ಮಾಡಲಿ.

ಇಲ್ಲಿ ಕೇಳಿ ಪಡೆಯಬಹುದಾದ ಒಂದು ನೆರವಿದೆ. ಆಂಬುಲೆನ್ಸಿನವರ ಹತ್ತಿರವೋ ಪೊಲೀಸರ ಹತ್ತಿರವೋ ‘ನೋಟ್‌ಫಾಲ್‌ಜೇಲ್‌ಜೋರ್ಗೆ’ ಅಥವಾ ‘ಕ್ರೀಜನ್‌ಇಂಟರ್‌ವೆನ್ಷನ್’ ತಂಡ ಬೇಕು ಅಂತ ಹೇಳಿ. ಆಘಾತಕ್ಕೆ ಸಿಕ್ಕವರ ಜೊತೆ ಕೂತು ಮೊದಲ ಕೆಲವು ಗಂಟೆ ದಾಟಿಸಲು ತರಬೇತಾದವರು ಮನೆಗೇ ಬರುತ್ತಾರೆ. ಇಂಥ ತಂಡ ಮ್ಯೂನಿಕ್‌ನಲ್ಲಿ 1994ರಲ್ಲೇ ಶುರುವಾಯಿತು, ಈಗ ದೇಶದ ತುಂಬ ಇವೆ. ಕೆಲವನ್ನು ಚರ್ಚುಗಳು ನಡೆಸುತ್ತವೆ, ಆದರೆ ನಿಮ್ಮ ಧರ್ಮ ಯಾವುದು ಅಂತ ನೋಡುವುದಿಲ್ಲ. ದುಡ್ಡೂ ಇಲ್ಲ.

ವ್ಯಕ್ತಿ ಮನೆಯಲ್ಲೇ ತೀರಿಕೊಂಡರೆ ಪೊಲೀಸರು ಬರಬಹುದು. ಸಾವಿನ ಕಾರಣ ಗೊತ್ತಾಗದಿದ್ದರೆ ಡಾಕ್ಟರ್ ಹಾಗಂತ ಬರೆದು ಪೊಲೀಸರಿಗೆ ತಿಳಿಸಲೇಬೇಕು. ಅವರು ‘ನೀವು ಯಾವಾಗ ನೋಡಿದಿರಿ, ಏನು ಮಾಡಿದಿರಿ’ ಅಂತ ಕೇಳುತ್ತಾರೆ. ಈಗಷ್ಟೇ ಎದೆ ಒತ್ತಿ ಸೋತ ಮನುಷ್ಯನಿಗೆ ಆ ಪ್ರಶ್ನೆ ಆರೋಪದ ಹಾಗೆ ಕೇಳಿಸುತ್ತದೆ. ಅದು ಆರೋಪವಲ್ಲ. ಇಂಥ ಸಾವುಗಳಲ್ಲೆಲ್ಲ ಕೇಳುವ ಪ್ರಶ್ನೆ.

ಬದುಕಿದ್ದರೆ ಇನ್ನೊಂದು ಕಷ್ಟ. ಮರುದಿನ ಆಸ್ಪತ್ರೆಗೆ ಫೋನ್ ಮಾಡಿದರೆ ಏನೂ ಹೇಳುವುದಿಲ್ಲ. ನೀವು ಗೆಳೆಯ ಮಾತ್ರ. ರೋಗಿಯ ವಿಷಯ ಹೊರಗೆ ಹೇಳುವುದು ಡಾಕ್ಟರಿಗೆ ಅಪರಾಧ. 2023ರಿಂದ ಗಂಡ ಅಥವಾ ಹೆಂಡತಿಗೆ ಇಂಥ ತುರ್ತಿನಲ್ಲಿ ಆರು ತಿಂಗಳ ಮಟ್ಟಿಗೆ ಚಿಕಿತ್ಸೆಯ ನಿರ್ಧಾರ ತೆಗೆದುಕೊಳ್ಳುವ ಹಕ್ಕು ಬಂದಿದೆ. ರೂಮ್‌ಮೇಟ್‌ಗೆ ಆ ಹಕ್ಕಿಲ್ಲ. ಮದುವೆಯಾಗದೆ ಒಂಟಿಯಾಗಿ ಇಲ್ಲಿರುವವರು ನಂಬಿಕೆಯ ಒಬ್ಬರ ಹೆಸರಿಗೆ ‘ಫೋರ್‌ಜೋರ್ಗೆಫೋಲ್‌ಮಾಖ್ಟ್’ (ನಿಮ್ಮ ಪರವಾಗಿ ನಿರ್ಧಾರ ತೆಗೆದುಕೊಳ್ಳುವ ಅಧಿಕಾರ ಪತ್ರ) ಬರೆದಿಡುವುದು ಒಳ್ಳೆಯದು. ಅಲ್ಲಿಯವರೆಗೆ ಸುದ್ದಿಗೆ ಮನೆಯವರನ್ನೇ ಕೇಳಬೇಕು. ‘ಹೇಗಿದ್ದಾರೆ ಅಂತ ದಿನಕ್ಕೊಂದು ಮೆಸೇಜ್ ಹಾಕಿ’ ಅಂತ ಅವರಿಗೆ ನೇರವಾಗಿ ಹೇಳಿಬಿಡಿ. ಗೊತ್ತಿಲ್ಲದೆ ಕಾಯುವುದು ತುಂಬಾ ಹಿಂಸೆ, ಅಲ್ವಾ?

ನಿಮಗೂ ವಿಮೆ ಇದೆ

ಜೀವಾಪಾಯದಲ್ಲಿದ್ದವರನ್ನು ಉಳಿಸಲು ಹೋದವರು ಈ ದೇಶದಲ್ಲಿ ಕಾನೂನಿನ ಅಪಘಾತ ವಿಮೆಯೊಳಗೆ ಬರುತ್ತಾರೆ. ಪ್ರೀಮಿಯಂ ಇಲ್ಲ, ಮೊದಲೇ ಹೆಸರು ಕೊಡಬೇಕಿಲ್ಲ, ಪೌರತ್ವ ಕೇಳುವುದಿಲ್ಲ. ನಿಮಗೆ ಗಾಯವಾದರೆ ಚಿಕಿತ್ಸೆ ಅದರಲ್ಲಿ. ನೆರವಾಗುವಾಗ ಕನ್ನಡಕ ಒಡೆದಿದ್ದರೆ, ಬಟ್ಟೆ ಹಾಳಾಗಿದ್ದರೆ ಅರ್ಜಿ ಹಾಕಿ ಕೇಳಬಹುದು. ಮನಸ್ಸಿಗೆ ಆದ ಪೆಟ್ಟಿಗೂ ಅದರ ಮೂಲಕ ಚಿಕಿತ್ಸೆ ಸಿಗುತ್ತದೆ. ಘಟನೆ ನಡೆದ ರಾಜ್ಯದ ‘ಉನ್‌ಫಾಲ್‌ಕಾಸ್ಸೆ’ಗೆ, ಅಂದರೆ ಈ ಅಪಘಾತ ವಿಮೆಯ ಸಂಸ್ಥೆಗೆ ತಿಳಿಸಬೇಕು. ಆಫೀಸಿನಲ್ಲಿ ನಡೆದಿದ್ದರೆ ಕಂಪನಿಯ ಮೂಲಕ, ಅಲ್ಲಿನ ಪ್ರಥಮ ಚಿಕಿತ್ಸೆಯ ಪುಸ್ತಕದಲ್ಲಿ ಬರೆಸಿ. ರಕ್ತ ತಾಗಿದ್ದರೆ, ಮೈಗೆ ಪೆಟ್ಟಾಗಿದ್ದರೆ ಅದೇ ದಿನ ‘ಡೂರ್ಖ್‌ಗಾಂಗ್ಸ್‌ಆರ್ಟ್ಸ್ಟ್’ (ಅಪಘಾತ ವಿಮೆಯ ಕೇಸುಗಳನ್ನು ನೋಡುವ) ಡಾಕ್ಟರ ಹತ್ತಿರ ಹೋಗಿ, ‘ಇನ್ನೊಬ್ಬರಿಗೆ ನೆರವಾಗುವಾಗ ಆಯಿತು’ ಅಂತ ಮೊದಲ ಮಾತಿಗೇ ಹೇಳಿ. ದಿನ, ಹೊತ್ತು, ಜಾಗ, ಬಂದ ಗಾಡಿ ಎಲ್ಲಿಯದು ಇಷ್ಟನ್ನು ಅವತ್ತೇ ಒಂದು ಚೀಟಿಯಲ್ಲಿ ಬರೆದಿಡಿ. ವಾರ ಕಳೆದರೆ ನೆನಪು ಕಲಸಿಹೋಗುತ್ತದೆ.

ಮೊದಲ ಕೆಲವು ವಾರ ನಿದ್ದೆ ಬರದಿರುವುದು, ಆ ಸದ್ದು ಕಿವಿಯಲ್ಲಿ ಉಳಿಯುವುದು, ಸೈರನ್ ಕೇಳಿದರೆ ಎದೆ ಡವಡವ ಅನ್ನುವುದು, ಸುಮ್‌ಸುಮ್ನೆ ಸಿಟ್ಟು ಬರುವುದು – ಇವೆಲ್ಲ ಆಗುತ್ತವೆ. ಜಾಸ್ತಿ ಜನಕ್ಕೆ ತಾನಾಗಿ ಕಡಿಮೆಯಾಗುತ್ತದೆ. ‘ಇನ್ನೆರಡು ನಿಮಿಷ ಮೊದಲು ನೋಡಿದ್ದರೆ’ ಅನ್ನುವ ಯೋಚನೆಗೆ ನನ್ನ ಉತ್ತರ ಇಷ್ಟೇ: ಆಸ್ಪತ್ರೆಯ ಹೊರಗೆ ಹೃದಯ ನಿಂತವರಲ್ಲಿ ಬದುಕಿ ಮನೆಗೆ ಬರುವವರು ಸುಮಾರು ಹತ್ತರಲ್ಲಿ ಒಬ್ಬರು. ಉಳಿಯದೆ ಹೋದರೆ ಅದು ನಿಮ್ಮ ಕೈ ಸೋತದ್ದಲ್ಲ. ಅವರ ಹೃದಯ ಆಗಲೇ ನಿಂತಿತ್ತು.

ಆಫೀಸಿಗೆ ಹೋಗಲಾಗದಿದ್ದರೆ ‘ಹೌಸ್‌ಆರ್ಟ್ಸ್ಟ್’ (ನಿಮ್ಮ ಫ್ಯಾಮಿಲಿ ಡಾಕ್ಟರ್) ಹತ್ತಿರ ರಜೆಯ ಚೀಟಿ ಕೇಳಿ. ಯಾಕೆ ರಜೆ ಅನ್ನುವುದು ಕಂಪನಿಗೆ ಕಾಣುವುದಿಲ್ಲ. ವೀಸಾ ಆಫೀಸಿಗೂ ಡಾಕ್ಟರ್ ಏನೂ ಹೇಳುವುದಿಲ್ಲ. ಈ ಭಯಕ್ಕೆ ಎಷ್ಟೋ ಜನ ಸುಮ್ಮನಿದ್ದುಬಿಡುತ್ತಾರೆ, ಅದಕ್ಕೇ ಹೇಳುತ್ತಿದ್ದೇನೆ. ಒಂದು ತಿಂಗಳಾದರೂ ಕಡಿಮೆಯಾಗದಿದ್ದರೆ, ಅಥವಾ ಅದಕ್ಕೂ ಮೊದಲೇ ದಿನ ದೂಡುವುದು ಕಷ್ಟವಾದರೆ, 116117ಕ್ಕೆ ಫೋನ್ ಮಾಡಿ ಮನೋಚಿಕಿತ್ಸಕರ ಮೊದಲ ಭೇಟಿಗೆ ಸಮಯ ಕೇಳಿ. ತುರ್ತು ಅಂತ ಅವರು ಬರೆದುಕೊಟ್ಟರೆ ‘ಅಕೂಟ್‌ಬೆಹಾಂಡ್ಲುಂಗ್’ (ತುರ್ತು ಮನೋಚಿಕಿತ್ಸೆ) ಎರಡು ವಾರದೊಳಗೆ ಕೊಡಿಸಬೇಕು, 25 ನಿಮಿಷದ 24 ಭೇಟಿಗಳವರೆಗೆ. ದೊಡ್ಡ ಊರುಗಳಲ್ಲಿ ಇಂಗ್ಲಿಷ್ ಮಾತಾಡುವ ಚಿಕಿತ್ಸಕರು ಸಿಗುತ್ತಾರೆ. ರಾತ್ರಿ ಯಾರಾದರೂ ಬೇಕು ಅನ್ನಿಸಿದರೆ ಫೋನಿನಲ್ಲೇ ಸಾಂತ್ವನ ಹೇಳುವ ‘ಟೆಲಿಫೋನ್‌ಜೇಲ್‌ಜೋರ್ಗೆ’ಯ 0800 1110111ಕ್ಕೆ ಕರೆ ಉಚಿತ, ಹೆಚ್ಚಾಗಿ ಜರ್ಮನ್‌ನಲ್ಲಿ. ಮಕ್ಕಳು ನೋಡಿದ್ದರೆ ಶಾಲೆಗೋ ಕಿಟಾಗೋ (ಶಿಶುವಿಹಾರ) ತಿಳಿಸಿ. ಮಕ್ಕಳಿಗೇ ಅಂತ ಇರುವ ನಂಬರ್ 116 111.

ನಮ್ಮ ಕನ್ನಡ ಬಳಗದವರಿಗೆ ಒಂದು ಕೋರಿಕೆ. ನೆರವಾದವರನ್ನು ಸಿಕ್ಕಲ್ಲೆಲ್ಲ ಕೂರಿಸಿ ‘ಏನಾಯ್ತು ಹೇಳಿ’ ಅಂತ ಮೊದಲಿಂದ ಕೇಳಬೇಡಿ. ‘ನೀವು ದೇವರ ಹಾಗೆ ಬಂದ್ರಿ’ ಅನ್ನುವುದೂ ಕೆಲವರಿಗೆ ಭಾರವಾಗುತ್ತದೆ. ಡಾಕ್ಟರ ಹತ್ತಿರ ಜೊತೆಗೆ ಹೋಗಿ. ಉನ್‌ಫಾಲ್‌ಕಾಸ್ಸೆಯ ಜರ್ಮನ್ ಪತ್ರ ತುಂಬಿಸಿಕೊಡಿ. ಒಂದೆರಡು ರಾತ್ರಿ ಅವರ ಮನೆಯಲ್ಲಿ ಉಳಿಯಿರಿ.

ಉಳಿದು ಬಂದವರ ಜೊತೆಗಿನ ಮಾತು ಕೊನೆಗೆ ಬರುತ್ತದೆ. ಆಸ್ಪತ್ರೆ ಮುಗಿದು ಸಾಮಾನ್ಯವಾಗಿ ಮೂರು ವಾರ ರೇಹಾಕ್ಕೆ (ಚೇತರಿಕೆಯ ಚಿಕಿತ್ಸೆ) ಹೋಗಿ ಬಂದಿರುತ್ತಾರೆ. ಎಷ್ಟೋ ಸಲ ಅವರಿಗೆ ಆ ದಿನದ ನೆನಪೇ ಇರುವುದಿಲ್ಲ. ನೆನಪೆಲ್ಲ ನಿಮ್ಮ ಹತ್ತಿರ. ಅವರಾಗಿ ಕೇಳಿದರೆ ನಡೆದದ್ದನ್ನು ಒಮ್ಮೆ ನಿಧಾನವಾಗಿ, ಇದ್ದದ್ದು ಇದ್ದ ಹಾಗೆ ಹೇಳಿ. ‘ಎದೆ ಇನ್ನೂ ನೋಯುತ್ತೆ’ ಅಂದರೆ ಕ್ಷಮೆ ಕೇಳಬೇಕಿಲ್ಲ. ನಿಮಗಿನ್ನೂ ಹೇಳುವ ಶಕ್ತಿ ಬಂದಿಲ್ಲ ಅಂದರೆ ‘ಇನ್ನೊಂದು ದಿನ ಹೇಳ್ತೀನಿ’ ಅಂದರೂ ಸಾಕು, ಅವರು ಕಾಯುತ್ತಾರೆ.