ಹಸಿರು ಜೋಡಿಗೆ ನೀಲಿ ಮರಿ: ನಾನು ಲೆಕ್ಕ ಹಾಕಿದ್ದು ಹೀಗೆ

ನನ್ನ ಬಜರಿಗರ್ (ಪಂಜರದಲ್ಲಿ ಸಾಕುವ ಪುಟ್ಟ ಗಿಳಿ) ಜೋಡಿಯಲ್ಲಿ ಗಂಡೂ ಹಸಿರು, ಹೆಣ್ಣೂ ಹಸಿರು. ಕೊಟ್ಟವರು, "ಎರಡೂ ಬೇರೆ ಬೇರೆ ಗೂಡಿನವು. ಆದ್ರೆ ಎರಡರ ತಾಯಿಯೂ ನೀಲಿ. ನೀಲಿ ಮರಿ ಸಿಗುತ್ತೆ ನೋಡಿ" ಎಂದಿದ್ದರು.

ಕಾಗದ ತಗೊಂಡು ಕೂತೆ. ಈ ಹಕ್ಕಿಯ ಗರಿ ತನ್ನ ರಚನೆಯಿಂದಲೇ ನೀಲಿ ಕಾಣುತ್ತದೆ. ಅದಕ್ಕೆ ಹಳದಿ ಸೇರಿದರೆ ಹಸಿರು. ಹಳದಿ ತಯಾರಿಸುವ ಜೀನಿನ ಎರಡು ಪ್ರತಿ ಇರುತ್ತವೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಒಂದು ಸರಿಯಿದ್ದರೂ ಹಕ್ಕಿ ಹಸಿರೇ. ಎರಡೂ ಕೆಟ್ಟಿದ್ದರೆ ಮಾತ್ರ ನೀಲಿ. ಅಂದಮೇಲೆ ನೀಲಿ ತಾಯಿಯ ಹತ್ತಿರ ಕೊಡೋಕೆ ಕೆಟ್ಟ ಪ್ರತಿ ಬಿಟ್ಟು ಬೇರೇನೂ ಇಲ್ಲ, ಅಲ್ವಾ? ಅದರ ಹಸಿರು ಮರಿಯ ಒಳಗೆ ನೀಲಿ ಅಡಗಿರಲೇಬೇಕು. ಇಂಥದ್ದನ್ನು ಹಕ್ಕಿ ಸಾಕುವವರು ಸ್ಪ್ಲಿಟ್ ಅನ್ನುತ್ತಾರೆ.

ಸರಿಯಾದ ಪ್ರತಿಗೆ 'ಹ', ಕೆಟ್ಟದ್ದಕ್ಕೆ 'ನ' ಎಂದು ಬರೆದೆ. ನಾಲ್ಕು ಮನೆಯ ಚೌಕ ಹಾಕಿದೆ. ಮೇಲೆ ಅಪ್ಪನ ಹ, ನ. ಪಕ್ಕದಲ್ಲಿ ಅಮ್ಮನ ಹ, ನ. ಒಳಗೆ ಬಂದದ್ದು ಹಹ, ಹನ, ಹನ, ನನ. ನಾಲ್ಕರಲ್ಲಿ ಒಂದು ನೀಲಿ.

ನಾಲ್ಕು ಮರಿ ಬಂದವು. ಎರಡು ವಾರ ದಾಟಿತು, ಸೂಜಿಯಂಥ ಗರಿ ಮೂಡಿತು. ನೀಲಿ ಮರಿಗೆ ಮುಖ ಬಿಳಿ ಇರಬೇಕು. ಇಲ್ಲಿ ನಾಲ್ಕಕ್ಕೆ ನಾಲ್ಕೂ ಹಳದಿ ಮುಖ! ಕೊಟ್ಟವರು ಸುಳ್ಳು ಹೇಳಿದರು ಎಂದೇ ಅಂದುಕೊಂಡೆ.

ತಪ್ಪು ನನ್ನ ಲೆಕ್ಕದಲ್ಲಿತ್ತು. ನಾಲ್ಕರಲ್ಲಿ ಒಂದು ಎನ್ನುವುದು ಗೂಡಿನ ಲೆಕ್ಕವಲ್ಲ, ಒಂದೊಂದು ಮೊಟ್ಟೆಯ ಲೆಕ್ಕ. ಒಂದು ಮೊಟ್ಟೆ ಹಸಿರಾಗುವ ಸಾಧ್ಯತೆ 3/4. ನಾಲ್ಕೂ ಹಸಿರಾಗಲು ಅದನ್ನೇ ನಾಲ್ಕು ಸಲ ಗುಣಿಸಬೇಕು. 81/256, ಹತ್ತಿರ ಹತ್ತಿರ 32%. ಮೂರು ಗೂಡಿಗೆ ಒಂದು ಹೀಗೆ ಬಂದರೆ ಆಶ್ಚರ್ಯವೇನಿಲ್ಲ. ಆನುವಂಶಿಕತೆಯ ನಿಯಮ ಕಂಡುಹಿಡಿದ ಮೆಂಡೆಲ್, ಇದೇ 3ಕ್ಕೆ 1ರ ಲೆಕ್ಕ ಬರುವ ಬಟಾಣಿಯಲ್ಲಿ 5,474 ದುಂಡು ಕಾಳು, 1,850 ಸುಕ್ಕು ಕಾಳು ಎಣಿಸಿದ. ಅಷ್ಟು ಎಣಿಸಿದ್ದಕ್ಕೇ ಅನುಪಾತ 2.96ಕ್ಕೆ 1 ಎಂದು ಚೆನ್ನಾಗಿ ಕಂಡಿತು. ನನ್ನ ನಾಲ್ಕು ಮರಿಯಲ್ಲಿ ಅದು ಕಾಣಬೇಕು ಅಂದರೆ ಹೇಗೆ? ಮುಂದಿನ ಸಲ ಐದರಲ್ಲಿ ಎರಡು ನೀಲಿ ಬಂದವು.

ಹಸಿರು ಮರಿಗಳಲ್ಲಿ ಸ್ಪ್ಲಿಟ್ ಯಾವುದು? ಚೌಕದ ಮೂರು ಹಸಿರು ಮನೆಗಳಲ್ಲಿ ಎರಡು ಸ್ಪ್ಲಿಟ್, ಆದರೆ ಸುಮ್ನೆ ನೋಡಿ ಹೇಳೋಕಾಗಲ್ಲ. ಒಂದು ಗಂಡು ದೊಡ್ಡದಾದ ಮೇಲೆ ಬೇರೆ ಗೂಡಿನ ನೀಲಿ ಹೆಣ್ಣಿನ ಜೊತೆ ಬಿಟ್ಟೆ. ಅದು ಸ್ಪ್ಲಿಟ್ ಆಗಿದ್ದರೆ ಪ್ರತಿ ಮರಿಯೂ ನೀಲಿಯಾಗುವ ಅವಕಾಶ ಅರ್ಧಕ್ಕರ್ಧ. ಸ್ಪ್ಲಿಟ್ ಆಗಿದ್ದೂ ಐದಕ್ಕೆ ಐದು ಹಸಿರೇ ಬರುವುದು 32ರಲ್ಲಿ ಒಂದು ಸಲ, ಏಳಕ್ಕೆ ಏಳು ಬರುವುದು 128ರಲ್ಲಿ ಒಂದು ಸಲ. ಏಳು ಮರಿ ನೋಡಿಯೇ ತೀರ್ಮಾನಿಸಬೇಕು ಎಂದುಕೊಂಡಿದ್ದೆ.

ಅಷ್ಟು ಕಾಯಬೇಕಾಗಲಿಲ್ಲ. ಮೂರನೇ ಮರಿಯ ಮುಖದಲ್ಲಿ ಬಿಳಿ ಗರಿ ಮೂಡಿತು.