ಬೀಥೋವನ್ ಬೆಳ್ಳಿ ನಾಣ್ಯ: ಒರೆಗಲ್ಲಿಗೆ ಉಜ್ಜಬೇಡಿ, ನೀರಿನಲ್ಲಿ ತೂಗಿ ನೋಡಿ

ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರ ಹೆಸರಿನ ರಂಗಮಂದಿರ ಇರುವ ಊರು ಬೆಳಗಾವಿ. ಇಲ್ಲಿ ಸಂಗೀತದ ಹುಚ್ಚಿರುವ ಮನೆಗಳಿಗೆ ಕೊರತೆಯಿಲ್ಲ. ಅಂಥ ಮನೆಯ ಮಗಳೋ ಅಳಿಯನೋ ಜರ್ಮನಿಯಿಂದ ಬರುವಾಗ ಬೀಥೋವನ್ ಮುಖವಿರುವ ಬೆಳ್ಳಿ ನಾಣ್ಯವೊಂದನ್ನು ತಂದುಕೊಡುವುದುಂಟು. ಬಂದ ವಾರದೊಳಗೆ ಅದಕ್ಕೆ ಎರಡು ಕಂಟಕ ಕಾದಿರುತ್ತವೆ. ಕಪ್ಪಾಗಿದೆ ಎಂದು ಮನೆಯಲ್ಲಿ ಯಾರಾದರೂ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾರೆ. ಅಸಲಿಯೋ ನಕಲಿಯೋ ನೋಡಿಬಿಡೋಣ ಎಂದು ಇನ್ನೊಬ್ಬರು ಶಹಾಪುರದ ಸರಾಫ ಗಲ್ಲಿಗೆ ಒಯ್ದು ಒರೆಗಲ್ಲಿಗೆ ಉಜ್ಜಿಸುತ್ತಾರೆ. ಎರಡರಿಂದಲೂ ಆದ ಗಾಯ ಮಾಯುವುದಿಲ್ಲ. ಒಡವೆಯಾದರೆ ಪಾಲಿಶ್ ಮಾಡಿಸಬಹುದು, ನಾಣ್ಯಕ್ಕೆ ಪಾಲಿಶ್ ಮಾಡಿಸಿದರೆ ಟಂಕಸಾಲೆಯ ಕೆಲಸವೇ ಅಳಿಸಿಹೋಗುತ್ತದೆ.

ಹಾಗಾದರೆ ಏನು ಮಾಡಬೇಕು? ಕೈಗೆ ಸಿಗುವ ಸಾಧ್ಯತೆ ಹೆಚ್ಚಿರುವ ಒಂದು ನಾಣ್ಯವನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಬೀಥೋವನ್ ಹುಟ್ಟಿ ಇನ್ನೂರು ವರ್ಷವಾದ ನೆನಪಿಗೆ ಪಶ್ಚಿಮ ಜರ್ಮನಿ 1970ರಲ್ಲಿ ಹೊರಡಿಸಿದ 5 ಮಾರ್ಕ್ ನಾಣ್ಯ ಅದು.

ಮೊದಲು, ನಾಣ್ಯವೇ ಹೌದೋ ನೋಡಿ

ಸಂಗೀತಗಾರರ ಮುಖವಿದ್ದದ್ದೆಲ್ಲ ನಾಣ್ಯವಲ್ಲ. ಖಾಸಗಿಯವರು ಅಚ್ಚು ಹಾಕಿಸಿ ಮಾರುವ ಪದಕಗಳೂ ನಾಣ್ಯದಂತೆಯೇ ಕಾಣುತ್ತವೆ. ನಮ್ಮ ಅಂಗಡಿಗಳಲ್ಲಿ ದೀಪಾವಳಿಗೆ ಕೊಳ್ಳುವ ಲಕ್ಷ್ಮಿಯ ಬೆಳ್ಳಿ ಬಿಲ್ಲೆಯೂ ಅದೇ ಜಾತಿಗೆ ಸೇರಿದ್ದು. ನಾಣ್ಯ ಎನ್ನಬೇಕಾದರೆ ಅದರ ಮೇಲೆ ದೇಶದ ಹೆಸರು ಮತ್ತು ಮುಖಬೆಲೆ ಎರಡೂ ಇರಬೇಕು. ನಮ್ಮ ಸರ್ಕಾರದ ಸ್ಮಾರಕ ನಾಣ್ಯಗಳಲ್ಲಿ ಅಶೋಕ ಸ್ತಂಭದ ಸಿಂಹ, ‘ಭಾರತ’ ಎಂಬ ಹೆಸರು, ರೂಪಾಯಿಯ ಅಂಕಿ ಕಾಣಬೇಕು. ಜರ್ಮನಿಯದರಲ್ಲಿ ಹದ್ದು, ಗಣರಾಜ್ಯದ ಹೆಸರು, 5 ಮಾರ್ಕ್ ಎಂಬ ಬರಹ, ಜೊತೆಗೆ ಸ್ಟುಟ್‌ಗಾರ್ಟ್ ಟಂಕಸಾಲೆಯ ಗುರುತಾದ ಪುಟ್ಟ ‘ಎಫ್’ ಅಕ್ಷರ ಇರುತ್ತದೆ. ಪದಕದಲ್ಲೂ ಒಳ್ಳೆಯ ಬೆಳ್ಳಿ ಇರಬಹುದು. ಆದರೆ ಅದರ ಹಿಂದೆ ಸರ್ಕಾರದ ಹೊಣೆ ಇರುವುದಿಲ್ಲ, ಬೆಲೆಯ ಲೆಕ್ಕವೂ ಬೇರೆ.

ಅಳತೆ, ತೂಕ, ಅಂಚು

ಈ ನಾಣ್ಯದ ತೂಕ 11.2 ಗ್ರಾಂ, ವ್ಯಾಸ 29 ಮಿಲಿಮೀಟರ್. ಅಜ್ಜಿಯ ಪೆಟ್ಟಿಗೆಯಲ್ಲಿ ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ ಇದ್ದರೆ ಪಕ್ಕದಲ್ಲಿಟ್ಟು ನೋಡಿ. ಅದು 11.66 ಗ್ರಾಂ ತೂಗುತ್ತದೆ, ಗಾತ್ರವೂ ಹೆಚ್ಚುಕಡಿಮೆ ಅಷ್ಟೇ. ಅಳೆಯಲು ವರ್ನಿಯರ್ ಕ್ಯಾಲಿಪರ್ ಬೇಕು. ಉದ್ಯಮಬಾಗದ ವರ್ಕ್‌ಶಾಪ್‌ಗಳಲ್ಲಿ ದುಡಿಯುವವರಿರುವ ಈ ಊರಿನಲ್ಲಿ ಅದನ್ನು ಕೇಳಿ ಪಡೆಯುವುದು ಕಷ್ಟವಲ್ಲ. ಕ್ಯಾಲಿಪರಿನ ದವಡೆ ಉಕ್ಕಿನದು, ನಾಣ್ಯದ ಅಂಚಿಗೆ ಒತ್ತಿ ಹಿಡಿಯಬೇಡಿ, ಮುಟ್ಟಿದರೆ ಸಾಕು. ಕೈಯಲ್ಲಿ ಹಿಡಿಯುವಾಗಲೂ ಅಂಚನ್ನಷ್ಟೇ ಹಿಡಿಯಬೇಕು. ಬೆರಳಿನ ಬೆವರು ಬಿದ್ದಲ್ಲಿ ಕೆಲವು ತಿಂಗಳ ಮೇಲೆ ಬೆರಳಚ್ಚೇ ಕಂದುಬಣ್ಣದಲ್ಲಿ ಮೂಡುತ್ತದೆ.

ಅಂಚಿನ ಮೇಲೆ ಗಮನವಿಡಿ. ನಕಲಿ ಮಾಡುವವರು ಮುಖವನ್ನು ಚೆನ್ನಾಗಿ ತೆಗೆಯುತ್ತಾರೆ, ಸೋಲುವುದು ಅಂಚಿನಲ್ಲಿ. ಬೀಥೋವನ್ ನಾಣ್ಯದ ಅಂಚಿನ ಸುತ್ತ, ಮನುಷ್ಯರೆಲ್ಲ ಸೋದರರಾಗುತ್ತಾರೆ ಎಂಬ ಅರ್ಥದ ಜರ್ಮನ್ ಸಾಲು ಒಳಗೊತ್ತಿದೆ. ಆತನ ಒಂಬತ್ತನೆಯ ಸಿಂಫನಿಯಲ್ಲಿ ವೃಂದಗಾನವಾಗಿ ಬರುವ ಷಿಲ್ಲರ್‌ನ ಕವಿತೆಯ ಸಾಲದು. ಈ ಕಾರಣಕ್ಕೇ ನನಗೆ ಈ ನಾಣ್ಯ ಬಹಳ ಪ್ರಿಯ. ಹತ್ತು ಪಟ್ಟಿನ ಭೂತಗನ್ನಡಿ ಹಿಡಿದು ನಾಣ್ಯವನ್ನು ಬೆಳಕಿನೆದುರು ನಿಧಾನಕ್ಕೆ ತಿರುಗಿಸಿ. ಅಕ್ಷರಗಳು ಒಂದೇ ಆಳದಲ್ಲಿ, ಚೂಪಾಗಿ ಇರಬೇಕು. ಅಂಚಿನ ನಡುವೆ ಬೆಸುಗೆಯ ಗೆರೆ ಕಂಡರೆ, ಅಕ್ಷರಗಳು ಕರಗಿದಂತಿದ್ದರೆ, ಅಲ್ಲಿಗೇ ಬಿಟ್ಟುಬಿಡಿ.

ಅಯಸ್ಕಾಂತವನ್ನೂ ಹತ್ತಿರ ಹಿಡಿಯಿರಿ. ಚಲಾವಣೆಯ 5 ಮಾರ್ಕ್ ನಾಣ್ಯದಿಂದ 1975ರಲ್ಲಿ ಬೆಳ್ಳಿ ತೆಗೆದು ನಿಕಲ್ ತಿರುಳು ಹಾಕಿದರು, ಅದು ಅಂಟುತ್ತದೆ. ಬೆಳ್ಳಿಯದು ಅಂಟದು. ಹಾಗೆಂದು ಅಂಟದ್ದೆಲ್ಲ ಬೆಳ್ಳಿಯಲ್ಲ. ತಾಮ್ರ, ಹಿತ್ತಾಳೆ, ಸೀಸ ಯಾವುದೂ ಅಂಟುವುದಿಲ್ಲ.

ನೀರಿನ ಪರೀಕ್ಷೆ

ಮನೆಯಲ್ಲೇ ಮಾಡಬಹುದಾದ, ನಾಣ್ಯಕ್ಕೆ ಹಾನಿಯಾಗದ, ಹೆಚ್ಚು ನಂಬಬಹುದಾದ ಪರೀಕ್ಷೆ ಇದು. 0.01 ಗ್ರಾಂವರೆಗೆ ತೋರಿಸುವ ಪುಟ್ಟ ತಕ್ಕಡಿ, ಒಂದು ಲೋಟ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್, ತೆಳ್ಳನೆಯ ದಾರ ಇಷ್ಟಿದ್ದರೆ ಸಾಕು. ನಲ್ಲಿ ಅಥವಾ ಬೋರ್‌ವೆಲ್ ನೀರು ಬೇಡ, ಒಣಗಿದ ಮೇಲೆ ಕಲೆ ಉಳಿಯುತ್ತದೆ.

ಮೊದಲು ಒಣ ನಾಣ್ಯವನ್ನು ತೂಗಿ ಬರೆದುಕೊಳ್ಳಿ. ಆಮೇಲೆ ನೀರು ತುಂಬಿದ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ನಾಣ್ಯಕ್ಕೆ ಪಾರ್ಸಲ್ ಕಟ್ಟಿದಂತೆ ದಾರ ಸುತ್ತಿ ಪೂರ್ತಿ ಮುಳುಗುವಂತೆ ಇಳಿಬಿಡಿ. ತಳಕ್ಕೂ ಪಕ್ಕಕ್ಕೂ ತಾಗಕೂಡದು, ಗುಳ್ಳೆ ಅಂಟಿರಕೂಡದು. ಕೈ ಅಲುಗದಂತೆ ದಾರವನ್ನು ಮೇಲೊಂದು ಕೋಲಿಗೆ ಕಟ್ಟಿದರೆ ಇನ್ನೂ ಒಳ್ಳೆಯದು. ಈಗ ತಕ್ಕಡಿ ತೋರಿಸುವುದು ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕವನ್ನು. ಒಣ ತೂಕವನ್ನು ಈ ಅಂಕಿಯಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ.

ಬೀಥೋವನ್ ನಾಣ್ಯದಲ್ಲಿ ನೂರಕ್ಕೆ 62.5 ಭಾಗ ಬೆಳ್ಳಿ, ಉಳಿದದ್ದು ತಾಮ್ರ. ಈ ಮಿಶ್ರಣದ ಸಾಂದ್ರತೆ ಸುಮಾರು 9.86. ಅಂದರೆ ತಕ್ಕಡಿ 1.14ರ ಆಸುಪಾಸು ತೋರಿಸಬೇಕು. ತಾಮ್ರ-ನಿಕಲ್‌ನಲ್ಲಿ ಮಾಡಿದ ಅಷ್ಟೇ ತೂಕದ ನಕಲಿಯಾದರೆ 1.26 ಬರುತ್ತದೆ. ಸೀಸ ಬೆರೆಸಿ ಸಾಂದ್ರತೆ ಹೊಂದಿಸುವ ಜಾಣರೂ ಇದ್ದಾರೆ, ಅದಕ್ಕೇ ಅಳತೆ ಮತ್ತು ಅಂಚನ್ನು ಮೊದಲೇ ನೋಡಿಕೊಂಡಿದ್ದು. ಮುಗಿದ ಮೇಲೆ ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಒತ್ತಿ ಒಣಗಿಸಿ. ಒರೆಸಬೇಡಿ.

ಬೇರೆ ನಾಣ್ಯಗಳಿಗೂ ಇದೇ ಲೆಕ್ಕ. ಆಸ್ಟ್ರಿಯಾ 1956ರಲ್ಲಿ ಮೊಜಾರ್ಟ್ ನೆನಪಿಗೆ ತಂದ 25 ಶಿಲ್ಲಿಂಗ್ ನಾಣ್ಯ 13 ಗ್ರಾಂ, ನೂರಕ್ಕೆ 80 ಬೆಳ್ಳಿ, ನೀರಿನಲ್ಲಿ 1.28 ತೋರಬೇಕು. ಸಾವಿರಾರು ಗೀತೆಗಳಿಗೆ ರಾಗ ಕೂರಿಸಿದ ರವೀಂದ್ರನಾಥ ಠಾಕೂರರ 150ನೇ ಜನ್ಮವರ್ಷಕ್ಕೆ 2011ರಲ್ಲಿ ಭಾರತ ತಂದ 150 ರೂಪಾಯಿ ನಾಣ್ಯ 35 ಗ್ರಾಂ, ಅರ್ಧ ಬೆಳ್ಳಿ, 40 ಭಾಗ ತಾಮ್ರ, ನಿಕಲ್ ಮತ್ತು ಸತು ತಲಾ 5. ಅದಕ್ಕೆ 3.67 ಬರಬೇಕು. ಆದರೆ ಕನ್ನಡಿಯಂತೆ ಹೊಳೆಯುವ ಪ್ರೂಫ್ ನಾಣ್ಯವನ್ನು ಯಾವ ಕಾರಣಕ್ಕೂ ಡಬ್ಬಿಯಿಂದ ತೆಗೆದು ನೀರಿಗೆ ಹಾಕಬೇಡಿ. ಅದರ ಡಬ್ಬಿ ಮತ್ತು ಟಂಕಸಾಲೆಯ ಕಾಗದಗಳನ್ನೇ ನೋಡಿ ತೀರ್ಮಾನಿಸಿ.

ಇಷ್ಟಾದರೂ ಅನುಮಾನ ಉಳಿದರೆ ಸರಾಫರ ಬಳಿ ಹೋಗಿ, ಆದರೆ ಎಕ್ಸ್‌ರೇ ಯಂತ್ರ ಇರುವಲ್ಲಿಗೆ. ಅದು ಗೀರದೆ ಲೋಹದ ಪ್ರಮಾಣ ಹೇಳುತ್ತದೆ. ಯಂತ್ರ ಓದುವುದು ಮೇಲ್ಮೈಯನ್ನು ಮಾತ್ರ. ಕಡಿಮೆ ಬೆಳ್ಳಿಯ ನಾಣ್ಯಗಳಲ್ಲಿ ಮೇಲ್ಪದರದ ತಾಮ್ರ ಕಳೆದುಹೋಗಿ ಬೆಳ್ಳಿಯ ಅಂಶ ಒಳಗಿಗಿಂತ ಹೆಚ್ಚಿರುವುದುಂಟು. 62.5ರ ಬದಲು 70 ತೋರಿಸಿತು ಎಂದು ಗಾಬರಿಯಾಗಬೇಕಿಲ್ಲ. ಒಳಗೆ ಕಾಲಿಡುವ ಮೊದಲೇ ‘ಒರೆಗಲ್ಲು ಬ್ಯಾಡ್ರಿ’ ಎಂದು ಹೇಳಿಬಿಡಿ.

ಬೆಲೆ

11.2 ಗ್ರಾಂನಲ್ಲಿ ಶುದ್ಧ ಬೆಳ್ಳಿ ಸರಿಯಾಗಿ 7 ಗ್ರಾಂ. ಇಂದು ಒಂದು ಗ್ರಾಂ ಬೆಳ್ಳಿಗೆ ಇರುವ ದರದಿಂದ ಏಳನ್ನು ಗುಣಿಸಿದರೆ ಲೋಹದ ಬೆಲೆ ಬಂತು. ಈ ನಾಣ್ಯ ಅಪರೂಪದ್ದಲ್ಲ, 50 ಲಕ್ಷದಷ್ಟು ಅಚ್ಚಾಗಿವೆ. ಲೋಹದ ಬೆಲೆಯ ಹಲವು ಪಟ್ಟು ಕೇಳುವವರಿಗೆ ಕೈಮುಗಿದು ಬನ್ನಿ. ಜರ್ಮನಿಯ ಕೇಂದ್ರ ಬ್ಯಾಂಕು ಹಳೆಯ ಮಾರ್ಕ್‌ಗಳನ್ನು ಇಂದಿಗೂ ಬದಲಿಸಿಕೊಡುತ್ತದೆ, ಆದರೆ 5 ಮಾರ್ಕ್‌ಗೆ ಸಿಗುವುದು 2.56 ಯೂರೊ ಮಾತ್ರ. ಭಾರತದ ಸ್ಮಾರಕ ನಾಣ್ಯಗಳನ್ನು ಸರ್ಕಾರಿ ಟಂಕಸಾಲೆಯ ಜಾಲತಾಣದಲ್ಲೇ ಕಾಯ್ದಿರಿಸಿ ಕೊಳ್ಳುವುದು ಕ್ಷೇಮ. ಅದರ ಬೆಲೆ ಮುಖಬೆಲೆಗಿಂತ ಎಷ್ಟೋ ಹೆಚ್ಚಿರುತ್ತದೆ.

ಇಡುವುದು ಹೇಗೆ

ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿನ ಗಂಧಕದಿಂದ. ಬೆಳಗಾವಿಯ ಮಳೆಗಾಲದ ಥಂಡಿ ಅದಕ್ಕೆ ನೆರವಾಗುತ್ತದೆ. ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ, ಪತ್ರಿಕೆಯ ಹಾಳೆ ಇವುಗಳಲ್ಲಿ ಸುತ್ತಿಡಬೇಡಿ, ಈ ಪುರವಣಿಯಲ್ಲೂ ಬೇಡ. ಮೆತ್ತನೆಯ ಪಿವಿಸಿ ಪಾಕೀಟು ಇನ್ನೂ ಕೆಟ್ಟದ್ದು. ವರ್ಷಗಳು ಕಳೆದಂತೆ ಅದರಿಂದ ಆಮ್ಲ ಒಸರಿ ನಾಣ್ಯದ ಮೇಲೆ ಹಸಿರು ಜಿಗುಟು ಕಟ್ಟುತ್ತದೆ. ಗಟ್ಟಿ ಅಕ್ರಿಲಿಕ್ ಕ್ಯಾಪ್ಸೂಲ್ ತಂದು, ಅದನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೆಲ್ಲನ್ನು ಆಗಾಗ ಬದಲಿಸಿ.

ಆಗಲೇ ಕಪ್ಪಾಗಿರುವುದನ್ನು ಹಾಗೇ ಬಿಡಿ. ವಿಭೂತಿ, ಟೂತ್‌ಪೇಸ್ಟ್, ನಿಂಬೆಹಣ್ಣು, ಅಲ್ಯುಮಿನಿಯಂ ಹಾಳೆಯ ಮೇಲೆ ಸೋಡಾ ನೀರು ಇವೆಲ್ಲ ಬೆಳ್ಳಿ ಸಮೆ, ತಟ್ಟೆಗಳಿಗೆ ಇರಲಿ. ಸಂಗ್ರಾಹಕರು ಸಮನಾಗಿ ಹಬ್ಬಿದ ಹಳೆಯ ಬಣ್ಣಕ್ಕೇ ಹೆಚ್ಚು ಕೊಡುತ್ತಾರೆ, ತಿಕ್ಕಿದ್ದನ್ನು ದೂರದಿಂದಲೇ ಗುರುತಿಸುತ್ತಾರೆ.

ದೀಪಾವಳಿಯ ಲಕ್ಷ್ಮೀಪೂಜೆಗೆ ಇಡಬೇಕೆಂದರೆ ಖಂಡಿತ ಇಡಿ, ಕ್ಯಾಪ್ಸೂಲ್ ಸಮೇತ. ಕುಂಕುಮ ಒಮ್ಮೆ ಬೀಥೋವನ್‌ನ ಕೂದಲಿನ ಗೆರೆಗಳೊಳಗೆ ಇಳಿದರೆ ಹಾಲು-ನೀರು ತಾಗಿ ಗಟ್ಟಿಯಾಗುತ್ತದೆ. ಅದನ್ನು ಕೆದಕಿ ತೆಗೆಯುವುದೆಂದರೆ ನಾಣ್ಯವನ್ನು ಗೀರುವುದೇ. ಕ್ಯಾಪ್ಸೂಲ್‌ಗೆ ಕುಂಕುಮ ಹಚ್ಚಿ, ಪೂಜೆಯಾದ ಮೇಲೆ ಅದನ್ನಷ್ಟೇ ಒರೆಸಿ.

ಡಬ್ಬಿಯೊಳಗೆ ಒಂದು ಚೀಟಿಯೂ ಇರಲಿ: ಯಾವ ದೇಶದ್ದು, ಯಾವ ವರ್ಷದ್ದು, ಒಣ ತೂಕ, ನೀರಿನಲ್ಲಿ ಬಂದ ಅಂಕಿ, ಕೊಟ್ಟವರ ಹೆಸರು, ಕೊಂಡದ್ದಾದರೆ ಬಿಲ್ಲು. ಚೀಟಿಯನ್ನು ಕ್ಯಾಪ್ಸೂಲ್‌ನ ಒಳಗಲ್ಲ, ಹೊರಗಿಡಿ. ಕಾಗದದಲ್ಲೂ ಗಂಧಕ ಇರುತ್ತದೆ.