ಚುನಾವಣಾ ಡ್ಯೂಟಿಯಲ್ಲಿದ್ದುಕೊಂಡು ಮತ ಹಾಕುವುದು: ಸೌಲಭ್ಯ ಕೇಂದ್ರದ ನನ್ನ ಅನುಭವ

ಚುನಾವಣಾ ಡ್ಯೂಟಿಯ ಆದೇಶ ಕೈಗೆ ಬಂದ ದಿನವೇ ನಾನು ಮತದಾರರ ಪಟ್ಟಿಯಲ್ಲಿ ನನ್ನ ಭಾಗ ಸಂಖ್ಯೆ ಮತ್ತು ಕ್ರಮ ಸಂಖ್ಯೆ ಹುಡುಕಿ, ಆದೇಶದ ಹಿಂಬದಿಯಲ್ಲೇ ಬರೆದಿಟ್ಟುಕೊಳ್ಳುತ್ತೇನೆ. ಅಂಚೆ ಮತಕ್ಕೆ ಅರ್ಜಿ ಹಾಕುವಾಗ ಎಪಿಕ್ (ಮತದಾರರ ಗುರುತಿನ ಚೀಟಿ) ಸಂಖ್ಯೆಯೊಂದೇ ಸಾಲದು. ಕ್ಷೇತ್ರದ ಹೆಸರು, ಭಾಗ, ಕ್ರಮ ಮೂರೂ ಬೇಕು. ಕಳೆದ ಚುನಾವಣೆಯಲ್ಲಿ ಬರೆದಿಟ್ಟ ಸಂಖ್ಯೆಯನ್ನೇ ಮತ್ತೆ ಹಾಕಬೇಡಿ. ಪಟ್ಟಿ ಪ್ರತಿ ವರ್ಷ ಪರಿಷ್ಕರಣೆಯಾಗುತ್ತದೆ, ಕ್ರಮ ಸಂಖ್ಯೆ ಬದಲಾಗುತ್ತದೆ. ಚುನಾವಣಾ ಆಯೋಗದ ಆ್ಯಪ್‌ನಲ್ಲಿ ಎಪಿಕ್ ಸಂಖ್ಯೆ ಹಾಕಿದರೆ ಎಲ್ಲವೂ ಸಿಗುತ್ತದೆ. ಮತದಾರರ ಸಹಾಯವಾಣಿ 1950ಕ್ಕೆ ಕರೆ ಮಾಡಿಯೂ ಕೇಳಬಹುದು. ಸಂಖ್ಯೆ ತಪ್ಪಿದರೆ ಅರ್ಜಿ ನಿಮ್ಮ ಕ್ಷೇತ್ರದ ಚುನಾವಣಾಧಿಕಾರಿಯ ಕಚೇರಿಗೆ ಹೋದರೂ ಅಲ್ಲಿ ನಿಮ್ಮ ಹೆಸರು ಸಿಗುವುದಿಲ್ಲ, ಮತಪತ್ರವೂ ಬರುವುದಿಲ್ಲ.

ಮುಂದಿನ ಪ್ರಶ್ನೆ ನಮೂನೆ 12 ತುಂಬಬೇಕೋ 12ಎ ತುಂಬಬೇಕೋ ಎಂಬುದು. ತರಬೇತಿ ಹಾಲ್‌ನಲ್ಲಿ ಅತಿ ಹೆಚ್ಚು ಗೊಂದಲ ಇಲ್ಲೇ. ನೀವು ಮತದಾರರಾಗಿರುವ ಕ್ಷೇತ್ರದೊಳಗೇ ಡ್ಯೂಟಿ ಬಿದ್ದರೆ 12ಎ. ಅದಕ್ಕೆ ಚುನಾವಣಾ ಕರ್ತವ್ಯ ಪ್ರಮಾಣಪತ್ರ, ಅಂದರೆ ಇಡಿಸಿ ಸಿಗುತ್ತದೆ. ಹೊರಗೆ ಬಿದ್ದರೆ ನಮೂನೆ 12, ಅಂದರೆ ಅಂಚೆ ಮತ. ವಿಧಾನಸಭಾ ಚುನಾವಣೆಯಲ್ಲಿ ಮತಗಟ್ಟೆ ಸಿಬ್ಬಂದಿಯನ್ನು ಸಾಮಾನ್ಯವಾಗಿ ಸ್ವಂತ ಕ್ಷೇತ್ರಕ್ಕೆ ಹಾಕುವುದಿಲ್ಲವಾದ್ದರಿಂದ ಬಹುತೇಕ ಎಲ್ಲರಿಗೂ ನಮೂನೆ 12. ಲೋಕಸಭೆಗೆ ಮಾತ್ರ ಲೆಕ್ಕ ಬೇರೆ: ಅಲ್ಲಿ ನೋಡಬೇಕಾದದ್ದು ಲೋಕಸಭಾ ಕ್ಷೇತ್ರವನ್ನು, ಜಿಲ್ಲೆಯನ್ನಲ್ಲ. ಮೈಸೂರು ಜಿಲ್ಲೆಯನ್ನೇ ತೆಗೆದುಕೊಳ್ಳಿ. ಹುಣಸೂರಿನ ಮತದಾರರಿಗೆ ಮೈಸೂರು ನಗರದ ಕೃಷ್ಣರಾಜ ಕ್ಷೇತ್ರದಲ್ಲಿ ಡ್ಯೂಟಿ ಬಿದ್ದರೆ ಎರಡೂ ಮೈಸೂರು ಲೋಕಸಭೆಯೊಳಗೇ ಇವೆ, 12ಎ ಸಾಕು. ಮಡಿಕೇರಿಯ ಮತದಾರರಿಗೂ ಅಷ್ಟೇ. ಆದರೆ ನಂಜನಗೂಡು ಚಾಮರಾಜನಗರ ಲೋಕಸಭೆಗೆ ಸೇರುತ್ತದೆ, ಕೆ.ಆರ್. ನಗರ ಮಂಡ್ಯಕ್ಕೆ. ಅಲ್ಲಿನ ಮತದಾರರು ಹುಣಸೂರಿಗೆ ಡ್ಯೂಟಿಗೆ ಬಂದರೆ ಜಿಲ್ಲೆ ಒಂದೇ ಆದರೂ ನಮೂನೆ 12.

ನಿಯಮದ ಪ್ರಕಾರ ನಮೂನೆ 12 ಮತದಾನಕ್ಕೆ ಕನಿಷ್ಠ 7 ದಿನ ಮೊದಲು, 12ಎ 4 ದಿನ ಮೊದಲು ತಲುಪಬೇಕು. ಚುನಾವಣಾಧಿಕಾರಿ ಒಪ್ಪಿದರೆ ಆಮೇಲೂ ಕೊಡಬಹುದು, ಆದರೆ ಅದನ್ನು ನೆಚ್ಚಿಕೊಳ್ಳಬೇಡಿ. ಮೊದಲ ತರಬೇತಿಯಲ್ಲೇ ಕೊಟ್ಟುಬಿಡುವುದು ಒಳ್ಳೆಯದು. ಡ್ಯೂಟಿ ಆದೇಶದ ಮತ್ತು ಎಪಿಕ್‌ನ ನಕಲು ಜೊತೆಗಿರಲಿ. ತುಂಬಿದ ಅರ್ಜಿಯ ಫೋಟೊ ಮೊಬೈಲ್‌ನಲ್ಲಿರಲಿ. ಮತಪತ್ರ ಅದೇ ದಿನ ಸಿಗುವುದಿಲ್ಲ. ನಾಮಪತ್ರ ವಾಪಸಾತಿಯ ಕೊನೆಯ ದಿನ ಮುಗಿದು ಅಭ್ಯರ್ಥಿಗಳ ಪಟ್ಟಿ ಅಂತಿಮವಾದ ಮೇಲೆಯೇ ಅದು ಅಚ್ಚಾಗುವುದು. ಹಾಗಾಗಿ ಮತ ಹಾಕುವ ಅವಕಾಶ ಸಾಮಾನ್ಯವಾಗಿ ಎರಡನೇ ತರಬೇತಿಯ ಸ್ಥಳದಲ್ಲಿ ತೆರೆಯುವ ಸೌಲಭ್ಯ ಕೇಂದ್ರದಲ್ಲಿ.

ಹಿಂದೆ ಮತಪತ್ರವನ್ನು ಮನೆಗೆ ಒಯ್ದು, ಎಣಿಕೆ ಶುರುವಾಗುವುದರೊಳಗೆ ಅಂಚೆಯಲ್ಲಿ ತಲುಪಿಸಬಹುದಿತ್ತು. 2023ರಲ್ಲಿ ಚುನಾವಣಾ ನಿರ್ವಹಣಾ ನಿಯಮಗಳಿಗೆ 18ಎ ಸೇರಿದ ಮೇಲೆ ಡ್ಯೂಟಿಯಲ್ಲಿರುವವರು ಮತಪತ್ರ ಪಡೆಯುವುದು, ಗುರುತು ಹಾಕುವುದು, ಹಿಂತಿರುಗಿಸುವುದು ಮೂರೂ ಸೌಲಭ್ಯ ಕೇಂದ್ರದಲ್ಲೇ ಆಗಬೇಕು. ನನ್ನ ಮಟ್ಟಿಗೆ ಇದು ಒಳ್ಳೆಯ ಬದಲಾವಣೆ. ದಿನಗಟ್ಟಲೆ ಕೈಯಲ್ಲಿರುವ ಮತಪತ್ರದ ಮೇಲೆ ಯಾರ ಒತ್ತಡ ಬೇಕಾದರೂ ಬೀಳಬಹುದು.

ಕೇಂದ್ರಕ್ಕೆ ಹೋಗುವಾಗ ಡ್ಯೂಟಿ ಆದೇಶ, ಎಪಿಕ್ ಮತ್ತು ಒಂದು ಪೆನ್ ಒಯ್ಯಿರಿ. ತರಬೇತಿ ಮುಗಿದ ಕೂಡಲೇ ಎಲ್ಲರೂ ಒಟ್ಟಿಗೆ ನುಗ್ಗುವುದರಿಂದ, ಊಟದ ಬಿಡುವಿಗೆ ಮುಂಚೆ ಬಿಡುತ್ತಾರೆಯೇ ಎಂದು ಕೇಳಿ ನೋಡಿ. ಪಟ್ಟಿಯಲ್ಲಿ ಹೆಸರು ನೋಡಿ, ಸಹಿ ಪಡೆದು ನಿಮಗೆ ಕೊಡುವುದು ಮತಪತ್ರ, 13ಎ ಘೋಷಣೆ, 13ಬಿ ಎಂಬ ಚಿಕ್ಕ ಲಕೋಟೆ (ಇದೇ ‘ಎ’ ಲಕೋಟೆ), 13ಸಿ ಎಂಬ ದೊಡ್ಡ ಲಕೋಟೆ (‘ಬಿ’ ಲಕೋಟೆ) ಮತ್ತು 13ಡಿ ಸೂಚನಾ ಹಾಳೆ. ಮತಪತ್ರದ ಮೇಲಿನ ಕ್ರಮಸಂಖ್ಯೆಯೂ ಚಿಕ್ಕ ಲಕೋಟೆಯ ಮೇಲಿನ ಸಂಖ್ಯೆಯೂ ಒಂದೇ ಇವೆಯೇ ಎಂದು ಮೇಜಿನ ಮುಂದೆ ನಿಂತಿದ್ದಾಗಲೇ ನೋಡಿಕೊಳ್ಳಿ.

ಮೊದಲು ಘೋಷಣೆ, ಆಮೇಲೆ ಮತ. 13ಎಯಲ್ಲಿ ಮತಪತ್ರದ ಕ್ರಮಸಂಖ್ಯೆಯನ್ನು ಅಂಕಿ ಅಂಕಿ ನೋಡಿ ಬರೆಯಿರಿ, ಅಲ್ಲಿರುವ ಪತ್ರಾಂಕಿತ ಅಧಿಕಾರಿಯ ಎದುರಿಗೇ ಸಹಿ ಮಾಡಿ. ಅವರು ಸಹಿ, ಹುದ್ದೆ, ಮೊಹರು ಹಾಕಿದ್ದನ್ನು ನೋಡಿಯೇ ಹಾಳೆ ತೆಗೆದುಕೊಳ್ಳಿ. ಅವರು ನಿಮ್ಮ ಗುರುತನ್ನು ದೃಢೀಕರಿಸುತ್ತಾರೆ ಅಷ್ಟೇ. ಮತಪತ್ರವನ್ನು ಅವರಿಗೆ ತೋರಿಸಬೇಕಾಗಿಲ್ಲ.

ಆಮೇಲೆ ಮರೆಯ ಕಂಪಾರ್ಟ್‌ಮೆಂಟಿಗೆ ಹೋಗಿ. ಹೆಸರು ಪೂರ್ತಿ ಓದಿ, ಒಬ್ಬರ ಎದುರಿಗೆ ಮಾತ್ರ ಸರಿ ಗುರುತು ಅಥವಾ ಗುಣಾಕಾರದ ಗುರುತು ಹಾಕಿ. ಸಹಿ, ಹೆಸರು, ಹೆಬ್ಬೆಟ್ಟು, ಬೇರೆ ಯಾವ ಬರಹವೂ ಬೇಡ. ಮತದಾರರ ಗುರುತು ಸಿಗುವಂಥ ಏನಿದ್ದರೂ ಮತ ಅಸಿಂಧು. ಕಡತಗಳ ಪುಟಪುಟಕ್ಕೂ ಸಹಿ ಹಾಕುವ ಕೈಗೆ ಇದನ್ನು ನೆನಪಿಸಿಕೊಡಬೇಕಾಗುತ್ತದೆ. ಗುರುತು ತಪ್ಪಿದರೆ ತಿದ್ದಬೇಡಿ. ಕೆಟ್ಟ ಮತಪತ್ರವನ್ನು ಲಕೋಟೆಗಳ ಸಮೇತ ಹಿಂದಿರುಗಿಸಿ ಬೇರೆ ಕೇಳುವುದಕ್ಕೆ ನಿಯಮದಲ್ಲೇ ಅವಕಾಶವಿದೆ.

ಈಗ ಲಕೋಟೆ. ಮತಪತ್ರ ಮಾತ್ರ ‘ಎ’ಯೊಳಗೆ, ಅಂಟಿಸಿ. ಅಂಟಿಸಿದ ‘ಎ’ ಮತ್ತು ಘೋಷಣೆ ಎರಡೂ ಬಿಡಿಬಿಡಿಯಾಗಿ ‘ಬಿ’ಯೊಳಗೆ, ಅಂಟಿಸಿ, ಹೊರಗೆ ಕಳುಹಿಸುವವರ ಸಹಿಯ ಜಾಗದಲ್ಲಿ ಸಹಿ ಮಾಡಿ, ನಿಮ್ಮ ಕ್ಷೇತ್ರದ ಪೆಟ್ಟಿಗೆಗೆ ಹಾಕಿ. ಘೋಷಣೆಯನ್ನು ಮತಪತ್ರದ ಜೊತೆ ಮಡಚಿ ‘ಎ’ಯೊಳಗೆ ತುರುಕುವುದೇ ದೊಡ್ಡ ತಪ್ಪು. ಎಣಿಕೆಯ ಮೇಜಿನಲ್ಲಿ ಮೊದಲು ತೆರೆಯುವುದು ‘ಬಿ’. ಅದರಲ್ಲಿ ಘೋಷಣೆ ಕಾಣದಿದ್ದರೆ, ಸಹಿ ಅಥವಾ ದೃಢೀಕರಣ ಇಲ್ಲದಿದ್ದರೆ, ಅಥವಾ ಘೋಷಣೆಯ ಸಂಖ್ಯೆ ‘ಎ’ ಮೇಲಿನ ಸಂಖ್ಯೆಗೆ ತಾಳೆಯಾಗದಿದ್ದರೆ ‘ಎ’ ಲಕೋಟೆಯನ್ನು ಬಿಚ್ಚುವುದೇ ಇಲ್ಲ. ಒಳಗಿನ ಗುರುತು ಎಷ್ಟೇ ಸ್ಪಷ್ಟವಾಗಿದ್ದರೂ ತಿರಸ್ಕಾರ. 2023ರ ವಿಧಾನಸಭಾ ಚುನಾವಣೆಯಲ್ಲಿ ಬೆಂಗಳೂರಿನ ಜಯನಗರ 16 ಮತಗಳ ಅಂತರದಲ್ಲಿ ತೀರ್ಮಾನವಾಯಿತು, ರಾತ್ರಿಯವರೆಗೂ ಜಗ್ಗಾಟ ನಡೆದದ್ದು ತಿರಸ್ಕೃತ ಅಂಚೆ ಮತಗಳ ಮೇಲೆ. ಒಂದು ಸಹಿಯ ಬೆಲೆ ಅಷ್ಟಿದೆ.

ಅಂಚೆ ಮತಪತ್ರ ನಿಮ್ಮ ಹೆಸರಿಗೆ ಹೊರಟ ಮೇಲೆ ನಿಮ್ಮೂರಿನ ಮತಗಟ್ಟೆಯ ಪಟ್ಟಿಯಲ್ಲಿ ಹೆಸರಿನ ಎದುರು ‘ಪಿಬಿ’ (ಪೋಸ್ಟಲ್ ಬ್ಯಾಲಟ್, ಅಂದರೆ ಅಂಚೆ ಮತ) ಎಂದು ಬೀಳುತ್ತದೆ. ರಿಸರ್ವ್‌ನಲ್ಲಿದ್ದವರು ಇದನ್ನು ಮರೆಯಬಾರದು. ಮಸ್ಟರಿಂಗ್ ದಿನ, ಅಂದರೆ ಮತದಾನದ ಹಿಂದಿನ ದಿನ ಸಿಬ್ಬಂದಿಯನ್ನು ಸೇರಿಸಿ ಮತಗಟ್ಟೆಗಳಿಗೆ ಕಳುಹಿಸುವಾಗ, ಡ್ಯೂಟಿಯಿಂದ ಬಿಟ್ಟರೂ ಮರುದಿನ ಊರಿಗೆ ಹೋಗಿ ಇವಿಎಂನಲ್ಲಿ ಮತ ಹಾಕಲು ಆಗುವುದಿಲ್ಲ. ‘ಡ್ಯೂಟಿ ಬೀಳುತ್ತೋ ಇಲ್ಲವೋ ನೋಡೋಣ’ ಎಂದು ಕಾಯದೆ ಕೇಂದ್ರದಲ್ಲೇ ಹಾಕಿಬಿಡಿ.

ಇಡಿಸಿ ಇದ್ದವರ ಕೆಲಸ ಹಗುರ. ಡ್ಯೂಟಿಯ ಮತಗಟ್ಟೆಯಲ್ಲೇ ಇವಿಎಂ ಒತ್ತಬಹುದು. ಪ್ರಮಾಣಪತ್ರಕ್ಕೆ ಸಹಿ ಹಾಕಿ ಮತಗಟ್ಟೆಯ ಅಧ್ಯಕ್ಷಾಧಿಕಾರಿ (ಪಿಆರ್‌ಒ) ಕೈಗೆ ಕೊಡಬೇಕು, ಹೆಸರನ್ನು ಗುರುತು ಮಾಡುವ ಪಟ್ಟಿಯ ಕೊನೆಯಲ್ಲಿ ಸೇರಿಸುತ್ತಾರೆ, ಮತದಾರರ 17ಎ ರಿಜಿಸ್ಟರಿನಲ್ಲಿ ಎಲ್ಲರಂತೆಯೇ ಸಹಿ. ಸಂಜೆಯ ಲೆಕ್ಕದ ಗಡಿಬಿಡಿಗೆ ಬಿಡದೆ ಬೆಳಗ್ಗೆ ಸಾಲು ಕರಗಿದ ಹೊತ್ತಿನಲ್ಲಿ ಸರದಿಯಂತೆ ಮುಗಿಸಿಕೊಳ್ಳಿ. ಮನೆಯಲ್ಲಿ 85 ದಾಟಿದ ಹಿರಿಯರೋ ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರೋ ಇದ್ದರೆ ಅವರ ಮನೆಮತಕ್ಕೆ ನಮೂನೆ 12ಡಿ ಬೇರೆಯೇ ಇದೆ. ಅದಕ್ಕೆ ಚುನಾವಣಾ ಅಧಿಸೂಚನೆ ಹೊರಟ ದಿನದಿಂದ 5 ದಿನ ಮಾತ್ರ ಗಡುವು, ನಮ್ಮ ಮೊದಲ ತರಬೇತಿಯವರೆಗೆ ಕಾಯಬೇಡಿ. ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ಅವರನ್ನು ಮೊದಲೇ ಕೇಳಿಡಿ.